ಕಷ್ಟಕಾಲದಲ್ಲಿ ಕಲಾಸಂಘ ನಡೆಸುವವರಿಗೆ: ಸಮಾನತೆಯನ್ನು ಲೆಕ್ಕಪುಸ್ತಕದಿಂದ ಆರಂಭಿಸುವ ಬಗೆ

2020ನೆಯ ಇಸವಿಯ ಯುಗಾದಿ ಮಾರ್ಚ್ 25ರಂದು ಬಂದಿತ್ತು. ಅದೇ ದಿನದಿಂದ ಇಡೀ ದೇಶದಲ್ಲಿ ಲಾಕ್‌ಡೌನ್ ಜಾರಿಗೆ ಬಂತು. ಆಗ ನಾನು ಧಾರವಾಡದ ಒಂದು ಕಲಾಸಂಘದ ಕಾರ್ಯದರ್ಶಿಯಾಗಿದ್ದೆ. ಕಾರ್ಯಕಾರಿ ಸಮಿತಿಯ ತುರ್ತು ಸಭೆ ಫೋನಿನಲ್ಲಿಯೇ ನಡೆದು, ಸಂಗೀತ ಕಲಿಸುವ ಶಿಕ್ಷಕರ ತಿಂಗಳ ಗೌರವಧನವನ್ನು ಮುಂದುವರಿಸಬೇಕು, ಬೇಸಿಗೆಯ ಉತ್ಸವಕ್ಕೆ ಗೊತ್ತುಮಾಡಿದ್ದ ಹಲಗಿ ಎಂಬ ಚರ್ಮವಾದ್ಯದ ಮತ್ತು ಡೊಳ್ಳಿನ ಮೇಳಗಳಿಗೆ ಕೊಡಬೇಕಾಗಿದ್ದ ಮುಂಗಡವನ್ನು ತಡೆಹಿಡಿಯಬೇಕು ಎಂದು ಕೆಲವೇ ನಿಮಿಷಗಳಲ್ಲಿ ತೀರ್ಮಾನವಾಯಿತು. ಠರಾವು ಬರೆದವನು ನಾನು. ಸಭೆಯಲ್ಲಿ ಯಾರೂ ಜಾತಿಯ ಹೆಸರೆತ್ತಲಿಲ್ಲ, ಯಾರ ಮನಸ್ಸಿನಲ್ಲಿಯೂ ಕೇಡಿರಲಿಲ್ಲ. ಆದರೂ ಕೆಲವು ತಿಂಗಳ ನಂತರ ನಡಾವಳಿ ಪುಸ್ತಕವನ್ನು ತೆರೆದು ನೋಡಿದಾಗ, ಹಣ ಪಡೆದವರ ಮತ್ತು ಪಡೆಯದವರ ನಡುವೆ ನಾವು ಎಳೆದಿದ್ದ ಗೆರೆಯು ಊರೊಳಗೆ ಕೇರಿ ಕೇರಿಗಳ ನಡುವೆ ಇರುವ ಗೆರೆಯ ಮೇಲೆಯೇ ಸಾಗಿತ್ತು ಎಂಬುದು ಕಣ್ಣಿಗೆ ಬಿತ್ತು.

ನೆರೆ, ಬರ, ರೋಗ, ಊರಿನ ಗಲಭೆ, ಅನುದಾನದ ಕಡಿತ ಯಾವುದೇ ಇರಲಿ, ಕಷ್ಟ ಬಂದಾಗ ಸಂಘದ ಕತ್ತರಿ ಮೊದಲು ಯಾರ ಮೇಲೆ ಬೀಳುತ್ತದೆ ಎಂಬುದರಲ್ಲಿ ಆ ಸಂಘದ ನಿಜವಾದ ನೀತಿ ಇರುತ್ತದೆ. ಬೈಲಾದ ಮೊದಲ ಪುಟದಲ್ಲಿ ಜಾತಿ, ಮತ, ಲಿಂಗಭೇದವಿಲ್ಲದೆ ಕಲಾಸೇವೆ ಮಾಡುವುದಾಗಿ ಬರೆದಿದ್ದರೂ ಈ ಮಾತು ಸುಳ್ಳಾಗುವುದಿಲ್ಲ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಲ್ಲಿ ಲಾಭದ ಆಸೆಯಿಲ್ಲದೆ ಕಲಾಸಂಘ ನಡೆಸುತ್ತಿರುವ ಅಧ್ಯಕ್ಷರು, ಕಾರ್ಯದರ್ಶಿಗಳು ಮತ್ತು ಖಜಾಂಚಿಗಳು ಈ ಕತ್ತರಿಯನ್ನು ಹೇಗೆ ಹಿಡಿಯಬೇಕು ಎಂಬುದನ್ನು ನಾನು ಕಲಿತಷ್ಟು ಇಲ್ಲಿ ಬರೆಯುತ್ತಿದ್ದೇನೆ.

ಅದೇ 2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವರ್ಣೀಯ ವ್ಯಕ್ತಿ ಪೊಲೀಸರ ಕೈಯಲ್ಲಿ ಹತ್ಯೆಯಾದ ಮೇಲೆ, ಅಲ್ಲಿನ ರಂಗಮಂದಿರಗಳು ಮತ್ತು ವಸ್ತುಸಂಗ್ರಹಾಲಯಗಳು ವರ್ಣಭೇದವನ್ನು ಖಂಡಿಸಿ ಸಾಲುಸಾಲಾಗಿ ಹೇಳಿಕೆಗಳನ್ನು ಹೊರಡಿಸಿದವು. ಜೂನ್ ತಿಂಗಳಲ್ಲಿ ಮುನ್ನೂರಕ್ಕೂ ಹೆಚ್ಚು ಬಿಳಿಯೇತರ ರಂಗಕರ್ಮಿಗಳು ಬಹಿರಂಗ ಪತ್ರವೊಂದನ್ನು ಬರೆದು, ಹೇಳಿಕೆ ಕೊಟ್ಟ ಸಂಸ್ಥೆಗಳ ಒಳಗೆ ತಮ್ಮನ್ನು ನಡೆಸಿಕೊಂಡ ರೀತಿಯನ್ನೇ ಮುಂದಿಟ್ಟರು. ನಮ್ಮಲ್ಲಿ ಆ ಸುದ್ದಿ ಓದಿದ ಹಲವರು ಅದು ದೂರದ ದೇಶದ ಸಂಗತಿ ಎಂದುಕೊಂಡರು. ಆದರೆ ಆಫ್ರಿಕಾ ಮೂಲದ ಸಿದ್ದಿ ಸಮುದಾಯದವರು ಧಾರವಾಡ ಜಿಲ್ಲೆಯ ಕಲಘಟಗಿ ತಾಲೂಕಿನಲ್ಲಿಯೂ ಇದ್ದಾರೆ. ಹೀಗಾಗಿ ಬಣ್ಣದ ಭೇದವೂ ಜಾತಿಯ ಭೇದವೂ ನಮ್ಮ ಜಿಲ್ಲೆಯೊಳಗಿನವೇ ಆಗಿವೆ, ಎರಡನ್ನೂ ಒಟ್ಟಿಗೆ ನೋಡಬೇಕಾಗುತ್ತದೆ.

ಮೊದಲು ಮೂರು ವರ್ಷಗಳ ವೋಚರುಗಳನ್ನು ತೆಗೆಯಿರಿ

ಭಾಷಣ, ಕಾರ್ಯಾಗಾರ, ಪ್ರತಿಜ್ಞೆ ಇವೆಲ್ಲಕ್ಕಿಂತ ಮುಂಚೆ ಖಜಾಂಚಿಯವರೊಂದಿಗೆ ಎರಡು ಸಂಜೆ ಕುಳಿತುಕೊಳ್ಳಿ. ಹಿಂದಿನ ಮೂರು ವರ್ಷಗಳ ವೋಚರುಗಳಿಂದ ಪ್ರತಿಯೊಂದು ಕಾರ್ಯಕ್ರಮಕ್ಕೆ ಐದು ವಿವರಗಳನ್ನು ಒಂದು ವಹಿಯಲ್ಲಿ ಬರೆದುಕೊಳ್ಳಿ: ಕಲಾಪ್ರಕಾರ, ಬಂದ ಕಲಾವಿದರ ಸಂಖ್ಯೆ, ಒಟ್ಟು ಸಂಭಾವನೆ, ಅವರು ಹೊರಟ ಊರು, ಮತ್ತು ಕಾರ್ಯಕ್ರಮ ಮುಗಿದ ದಿನದಿಂದ ಹಣ ಕೈಸೇರುವವರೆಗೆ ಹಿಡಿದ ದಿನಗಳು. ಕೊನೆಯ ಕಾಲಮ್ಮನ್ನು ಯಾರೂ ಬರೆಯುವುದಿಲ್ಲ, ಆದರೆ ಅತಿ ಹೆಚ್ಚು ತಿಳಿಸುವುದು ಅದೇ. ಹೆಸರಾಂತ ಗಾಯಕರ ಲಕೋಟೆಯನ್ನು ವೇದಿಕೆಯ ಹಿಂದೆಯೇ ಕೈಗಿಟ್ಟು, ಮೆರವಣಿಗೆಯ ಮೇಳಕ್ಕೆ ಮಾತ್ರ ಇಲಾಖೆಯ ಅನುದಾನ ಬಂದ ಮೇಲೆ ಕೊಡುತ್ತೇವೆ ಎಂದು ತಿಂಗಳುಗಟ್ಟಲೆ ಕಾಯಿಸಿದ್ದರೆ, ಸಂಘದ ಸಾಲದ ಭಾರವನ್ನು ಅತ್ಯಂತ ಬಡವರು ಬಡ್ಡಿಯಿಲ್ಲದೆ ಹೊತ್ತಿದ್ದಾರೆ ಎಂದು ಅರ್ಥ.

ಮೊತ್ತವನ್ನು ತಲೆಗೆ ಹಂಚಿ ನೋಡುವುದು ಅಗತ್ಯ. ಉದಾಹರಣೆಗೆ, ಹನ್ನೆರಡು ಜನರ ಹಲಗಿ ಮೇಳಕ್ಕೆ 9,000 ರೂಪಾಯಿ ಕೊಟ್ಟಿದ್ದೀರಿ ಎಂದು ಇಟ್ಟುಕೊಳ್ಳಿ. ಅವರು ಶಿರಹಟ್ಟಿ ಕಡೆಯ ಹಳ್ಳಿಯಿಂದ ಟೆಂಪೊ ಬಾಡಿಗೆಗೆ 2,400 ರೂಪಾಯಿ ಕೊಟ್ಟು ಬಂದಿದ್ದರೆ ಉಳಿಯುವುದು 6,600, ತಲೆಗೆ 550 ರೂಪಾಯಿ. ಅದೇ ಸಂಜೆ ಒಬ್ಬ ಗಾಯಕರಿಗೆ 20,000 ರೂಪಾಯಿ, ಜೊತೆಗೆ ಪ್ರತ್ಯೇಕ ಪ್ರಯಾಣ ವೆಚ್ಚ, ಲಾಡ್ಜಿನ ಕೋಣೆ. ಇಬ್ಬರಿಗೂ ಒಂದೇ ಮೊತ್ತ ಕೊಡಬೇಕೆಂದು ನಾನು ಹೇಳುತ್ತಿಲ್ಲ. ಹಲವು ದಶಕಗಳ ಸಾಧನೆಗೆ ತಕ್ಕ ಬೆಲೆ ಇರಬೇಕು. ಆದರೆ ಹಲಗಿಯಲ್ಲಿ ಹಲವು ದಶಕ ಕಳೆದವರ ಸಾಧನೆಯನ್ನು ನಾವು ಎಂದೂ ಸಾಧನೆ ಎಂದು ಎಣಿಸಿಲ್ಲ, ಅವರನ್ನು ಕೂಲಿಯ ಲೆಕ್ಕದಲ್ಲಿಯೇ ಇಟ್ಟಿದ್ದೇವೆ. ಪ್ರಯಾಣ, ಊಟ, ವಸತಿ ಎಲ್ಲರಿಗೂ ಸಂಭಾವನೆಯ ಹೊರಗೆ ಇರತಕ್ಕದ್ದು ಎಂಬ ಒಂದೇ ಠರಾವಿನಿಂದ ಈ ಅಂತರ ಗಣನೀಯವಾಗಿ ಕಡಿಮೆಯಾಗುತ್ತದೆ. ಮೇಳದ ಮುಖಂಡರೊಬ್ಬರ ಕೈಗೆ ಒಟ್ಟು ಹಣ ಕೊಡುವ ಬದಲು, ಒಪ್ಪಿದವರಿಗೆ ಅವರವರ ಬ್ಯಾಂಕ್ ಖಾತೆಗೆ ನೇರವಾಗಿ ಹಾಕಿ.

ಕಲಾವಿದರ ಜಾತಿಯನ್ನು ಒಬ್ಬೊಬ್ಬರನ್ನಾಗಿ ಕೇಳಿ ಬರೆದುಕೊಳ್ಳಬೇಡಿ. ಅದು ಅವಮಾನವಾಗುತ್ತದೆ, ಜೊತೆಗೆ ಆ ಪಟ್ಟಿ ನಾಳೆ ಯಾರ ಕೈಗೆ ಹೋಗುತ್ತದೋ ತಿಳಿಯದು. ಸದಸ್ಯರ ಮತ್ತು ವಿದ್ಯಾರ್ಥಿಗಳ ವಿಚಾರದಲ್ಲಿ ವಿವರ ಬೇಕಾದರೆ, ಹೆಸರಿಲ್ಲದ ಚೀಟಿಯಲ್ಲಿ, ಇಷ್ಟವಿದ್ದವರು ಮಾತ್ರ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು, ಇತರರು ಎಂದು ಗುರುತು ಹಾಕುವಂತೆ ಮಾಡಿ. ಒಟ್ಟು ಸಂಖ್ಯೆಯನ್ನು ಬರೆದುಕೊಂಡ ಮೇಲೆ ಚೀಟಿಗಳನ್ನು ಎಲ್ಲರೆದುರು ಹರಿದುಹಾಕಿ.

ಕಡಿತದ ಕ್ರಮವನ್ನು ಒಳ್ಳೆಯ ಕಾಲದಲ್ಲಿಯೇ ಬರೆದಿಡಿ

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ನರಗುಂದ ತಾಲೂಕಿನ ಕೊಣ್ಣೂರು, ಲಖಮಾಪುರದಂಥ ಊರುಗಳಿಗೆ ನೀರು ನುಗ್ಗಿತು. ಮರು ವರ್ಷವೇ ಕೊರೊನಾ ಬಂತು. 2023ರಲ್ಲಿ ರಾಜ್ಯದ ಬಹುಪಾಲು ತಾಲೂಕುಗಳು ಬರಪೀಡಿತವೆಂದು ಘೋಷಿತವಾದವು. ಐದು ವರ್ಷಗಳ ಒಳಗೆ ಇಷ್ಟು ಬಂದಿರುವಾಗ ಕಷ್ಟವನ್ನು ಅಪರೂಪದ ಅತಿಥಿ ಎಂದು ಭಾವಿಸಿ ಬಜೆಟ್ ಮಾಡುವುದು ಸರಿಯಲ್ಲ. ಗಾಬರಿಯ ಹೊತ್ತಿನಲ್ಲಿ ಸಮಿತಿಯು ತನಗೆ ಪರಿಚಯವಿರುವವರನ್ನು ಮೊದಲು ನೆನೆಯುತ್ತದೆ, ಪರಿಚಯವಿಲ್ಲದವರನ್ನು ಮರೆಯುತ್ತದೆ. ನಮ್ಮ ಸಂಘದ ಆ ಠರಾವು ಹುಟ್ಟಿದ್ದು ಹೀಗೆಯೇ. ಆದ್ದರಿಂದ ಹಣ ಕಡಿಮೆಯಾದರೆ ಯಾವುದನ್ನು ಮೊದಲು, ಯಾವುದನ್ನು ಕೊನೆಗೆ ಕಡಿಯಬೇಕು ಎಂಬ ಕ್ರಮವನ್ನು ವಾರ್ಷಿಕ ಸಾಮಾನ್ಯ ಸಭೆಯಲ್ಲಿಯೇ ಠರಾವಾಗಿ ದಾಖಲಿಸಬೇಕು.

ನಾವು ಕೊನೆಗೆ ಒಪ್ಪಿಕೊಂಡ ಕ್ರಮ ಇದು. ಮೊದಲು ಶಾಲು, ಹಾರ, ಸ್ಮರಣಿಕೆ, ಬಣ್ಣದ ಆಮಂತ್ರಣ ಪತ್ರಿಕೆ, ಫ್ಲೆಕ್ಸ್ ನಿಲ್ಲಬೇಕು. ಅದು ಸಾಲದಿದ್ದರೆ ಉದ್ಘಾಟಕರ ಮತ್ತು ಅತಿಥಿಗಳ ವಸತಿ, ವಾಹನದ ವೆಚ್ಚ. ನಂತರ ಸಭಾಂಗಣದ ಬಾಡಿಗೆ: ಸವಾಯಿ ಗಂಧರ್ವ ಸಭಾಭವನದಲ್ಲಿ ನಡೆಯಬೇಕಾದುದು ಶಾಲೆಯ ಅಂಗಳದಲ್ಲಿ ನಡೆಯಲಿ. ಆಮೇಲೆ, ಬೇರೆ ಸಂಬಳವಿರುವ ಕಲಾವಿದರ ಸಂಭಾವನೆಯಲ್ಲಿ ಅವರ ಒಪ್ಪಿಗೆಯಿಂದ ಕಡಿತ. ದಿನಗೂಲಿಯಿಂದ ಬದುಕುವ ಕಲಾವಿದರ ಹಣಕ್ಕೆ ಕೈ ಹಾಕುವುದು ಎಲ್ಲಕ್ಕಿಂತ ಕೊನೆಗೆ, ಅದೂ ಅವರ ಪ್ರತಿನಿಧಿ ಇರುವ ಸಭೆಯಲ್ಲಿ ಮಾತ್ರ. ಕಾರ್ಯಕ್ರಮ ರದ್ದಾದರೂ ಗೊತ್ತುಮಾಡಿದ ಸಂಭಾವನೆಯ ಅರ್ಧದಷ್ಟನ್ನು ಕೊಡುವುದಾಗಿ ಒಪ್ಪಂದದ ಪತ್ರದಲ್ಲಿಯೇ ಬರೆಯಿರಿ, ಏಕೆಂದರೆ ಆ ದಿನಕ್ಕೆ ಅವರು ಬೇರೆ ಊರಿನ ಜಾತ್ರೆಯ ಕರೆಯನ್ನು ಬಿಟ್ಟಿರುತ್ತಾರೆ.

ಇದರ ಜೊತೆಗೆ ಒಂದು ಚಿಕ್ಕ ಆಪತ್ತಿನ ನಿಧಿ ಬೇಕು. ಪ್ರತಿ ದೇಣಿಗೆಯಿಂದ ನೂರಕ್ಕೆ ಐದು ರೂಪಾಯಿಯಂತೆ ತೆಗೆದು ಬೇರೆ ಖಾತೆಯಲ್ಲಿಟ್ಟರೂ ಸಾಕು. ಅರ್ಜಿ, ಛಾಯಾಚಿತ್ರ, ವರಮಾನ ಪ್ರಮಾಣಪತ್ರ ಕೇಳುವ ನಿಧಿ ಕಷ್ಟದ ಹೊತ್ತಿಗೆ ಉಪಯೋಗಕ್ಕೆ ಬರುವುದಿಲ್ಲ. ಒಂದು ಫೋನ್ ಕರೆ, ಇಬ್ಬರು ಸದಸ್ಯರ ಒಪ್ಪಿಗೆ, ಎರಡು ದಿನಗಳೊಳಗೆ ಹಣ: ಇಷ್ಟೇ ನಿಯಮವಿರಲಿ. ಸಹಾಯ ಪಡೆದವರ ಚಿತ್ರವನ್ನು ವಾಟ್ಸ್ಯಾಪ್ ಗುಂಪಿಗೆ ಹಾಕುವುದನ್ನು ಅದೇ ಠರಾವಿನಲ್ಲಿ ನಿಷೇಧಿಸಿ. ರೇಷನ್ ಕಿಟ್ ಹಿಡಿದು ನಿಂತ ಹಿರಿಯ ಸೋಬಾನೆ ಹಾಡುಗಾರ್ತಿಯೊಬ್ಬರ ಮುಖ ಆ ಕಾಲದ ಒಂದು ಚಿತ್ರದಲ್ಲಿ ನೋಡಿದ್ದು ನನಗೆ ಇಂದಿಗೂ ಮರೆತಿಲ್ಲ.

ಲಾಕ್‌ಡೌನ್ ಕಾಲದಲ್ಲಿ ಶುರುವಾದ ಇನ್ನೊಂದು ಅಭ್ಯಾಸವನ್ನೂ ಸರಿಪಡಿಸಬೇಕಾಗಿದೆ. ಕಾರ್ಯಕ್ರಮಗಳು ಆನ್‌ಲೈನ್‌ಗೆ ಹೋದಾಗ, ಒಳ್ಳೆಯ ಫೋನು ಮತ್ತು ನೆಟ್‌ವರ್ಕ್ ಇದ್ದವರು ಮಾತ್ರ ವೇದಿಕೆಯಲ್ಲಿ ಉಳಿದರು. ತತ್ವಪದ, ಗೀಗೀ ಪದ, ಲಂಬಾಣಿ ಹಾಡುಗಳನ್ನು ಯಾರೋ ಹಳ್ಳಿಯಲ್ಲಿ ಚಿತ್ರೀಕರಿಸಿ ಸಂಘದ ಯೂಟ್ಯೂಬ್ ಚಾನೆಲ್‌ಗೆ ಹಾಕಿದರು, ಹಾಡಿದವರಿಗೆ ಹಣವೂ ಹೋಗಲಿಲ್ಲ, ಹೆಸರೂ ಬರಲಿಲ್ಲ. ಜನಪದ ಹಾಡಿಗೆ ಒಡೆಯರಿಲ್ಲ ಎಂಬ ಮಾತು ಹಾಡಿಗೆ ಸಲ್ಲಬಹುದು, ಹಾಡಿದ ಕಂಠಕ್ಕೆ ಸಲ್ಲುವುದಿಲ್ಲ. ಚಿತ್ರೀಕರಣಕ್ಕೆ ಪ್ರತ್ಯೇಕ ಹಣ, ಬರವಣಿಗೆಯಲ್ಲಿ ಒಪ್ಪಿಗೆ, ಬೇಡವೆಂದಾಗ ತೆಗೆದುಹಾಕುವ ಭರವಸೆ ಈ ಮೂರೂ ಇರಲಿ.

ಸಮಿತಿಯ ಬಾಗಿಲು

ಈ ಭಾಗದಲ್ಲಿ ಸಂಘ ಕಟ್ಟುವ ಪರಂಪರೆ ಹಳೆಯದು. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ 1890ರಲ್ಲಿಯೇ ಹುಟ್ಟಿತು. ಇಂದು ಯಾವುದೇ ಏಳು ಜನ ಸೇರಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘವನ್ನು ನೋಂದಾಯಿಸಬಹುದು. ಆ ಏಳು ಜನ ಸಾಮಾನ್ಯವಾಗಿ ಒಂದೇ ಓಣಿಯ, ಒಂದೇ ಕಾಲೇಜಿನ, ಒಂದೇ ನೆಂಟಸ್ತಿಕೆಯ ಜನರಾಗಿರುತ್ತಾರೆ. ಅದು ಅಪರಾಧವೇನೂ ಅಲ್ಲ. ತೊಂದರೆ ಶುರುವಾಗುವುದು ನಂತರ: ಹೊಸ ಸದಸ್ಯರಾಗಲು ಇಬ್ಬರು ಹಳೆಯ ಸದಸ್ಯರ ಶಿಫಾರಸು ಬೇಕು ಎಂಬ ನಿಯಮವೂ, ಒಂದೇ ಕಂತಿನಲ್ಲಿ ಕಟ್ಟಬೇಕಾದ ದೊಡ್ಡ ಆಜೀವ ಸದಸ್ಯತ್ವ ಶುಲ್ಕವೂ ಸೇರಿ, ಮೂವತ್ತು ವರ್ಷ ಕಳೆದರೂ ಸಂಘವು ಆ ಏಳು ಮನೆಗಳ ಸುತ್ತಲೇ ತಿರುಗುವಂತೆ ಮಾಡುತ್ತವೆ. ಶಿಫಾರಸಿನ ನಿಯಮವನ್ನು ತೆಗೆದುಹಾಕಿ. ಸಂಘದ ವೇದಿಕೆಯಲ್ಲಿ ಎರಡು ಸಲ ಕಲೆ ಪ್ರದರ್ಶಿಸಿದ ಯಾರಾದರೂ ಹೆಸರಿಗಷ್ಟೇ ಶುಲ್ಕ ಕೊಟ್ಟು, ಮತದ ಹಕ್ಕಿನೊಂದಿಗೆ ಸದಸ್ಯರಾಗಬಹುದು ಎಂದು ಬೈಲಾ ತಿದ್ದಿ. ಬೈಲಾ ತಿದ್ದುಪಡಿಗೆ ಕಾಯ್ದೆ ವಿಧಿಸುವ ನೋಟಿಸು, ಬಹುಮತ ಮತ್ತು ನೋಂದಣಾಧಿಕಾರಿಗಳ ಕಚೇರಿಯಲ್ಲಿ ಸಲ್ಲಿಕೆ ಈ ಎಲ್ಲವನ್ನೂ ಅಚ್ಚುಕಟ್ಟಾಗಿ ಪಾಲಿಸಬೇಕು. ಇಲ್ಲವಾದರೆ ಅಸಮಾಧಾನಗೊಂಡ ಒಬ್ಬ ಸದಸ್ಯರ ಅರ್ಜಿಯಿಂದ ಇಡೀ ಕೆಲಸ ಬಿದ್ದುಹೋಗುತ್ತದೆ.

ಕಾರ್ಯಕಾರಿ ಸಮಿತಿಗೆ ಹೊಸಬರನ್ನು ತರುವಾಗ ಹೆಚ್ಚಿನ ಸಂಘಗಳು ಒಂದೇ ತಪ್ಪನ್ನು ಮಾಡುತ್ತವೆ. ದಲಿತ ಕಲಾವಿದರೊಬ್ಬರನ್ನು ಸಹಕಾರ್ಯದರ್ಶಿಯನ್ನಾಗಿ ಮಾಡಿ, ಹದಿನೈದು ಜನರ ನಡುವೆ ಕೂರಿಸುತ್ತಾರೆ. ಅವರು ಮಾತನಾಡಿದರೆ ಜಗಳಗಂಟ, ಮಾತನಾಡದಿದ್ದರೆ ಒಪ್ಪಿಗೆ ಎಂದು ಬರೆದುಕೊಳ್ಳಲಾಗುತ್ತದೆ. ಕನಿಷ್ಠ ಮೂವರನ್ನು ಒಟ್ಟಿಗೆ ತನ್ನಿ, ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರಲಿ, ಮತ್ತು ಹಣದ ಅಥವಾ ಆಯ್ಕೆಯ ಅಧಿಕಾರವಿರುವ ಸ್ಥಾನವನ್ನೇ ಕೊಡಿ. ಖಜಾಂಚಿ ಸ್ಥಾನ, ಕಲಾವಿದರ ಆಯ್ಕೆ ಉಪಸಮಿತಿಯ ಸಂಚಾಲಕತ್ವ ಇವು ನಿಜವಾದ ಸ್ಥಾನಗಳು. ಸ್ವಾಗತ ಸಮಿತಿ ಹಾಗಲ್ಲ. ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದದ್ದನ್ನು ನಾನು ಈ ಸಂದರ್ಭದಲ್ಲಿ ಮತ್ತೆ ಮತ್ತೆ ನೆನೆಯುತ್ತೇನೆ. ಜೋಗತಿ ಪರಂಪರೆಯಿಂದ ಬಂದ ಲಿಂಗತ್ವ ಅಲ್ಪಸಂಖ್ಯಾತ ಕಲಾವಿದೆಯೊಬ್ಬರಿಗೆ ಆಗ ದೊರೆತದ್ದು ಸನ್ಮಾನದ ಶಾಲಷ್ಟೇ ಆಗಿರಲಿಲ್ಲ, ಅಕಾಡೆಮಿಯ ಕುರ್ಚಿಯೇ ಆಗಿತ್ತು.

ಸಭೆಯ ಸಮಯ ಮತ್ತು ಸ್ಥಳಗಳನ್ನು ಸಣ್ಣ ವಿಷಯವೆಂದು ತಿಳಿಯಬಾರದು. ಸಂಜೆ ಏಳಕ್ಕೆ ಧಾರವಾಡದಲ್ಲಿ ಸಭೆ ಸೇರಿದರೆ ಹುಬ್ಬಳ್ಳಿಯವರು ಚಿಗರಿ ಬಸ್ಸು ಹತ್ತಿ ಮನೆ ಸೇರುತ್ತಾರೆ, ಆದರೆ ಕಲಘಟಗಿಯ ಆಚೆಯ ಊರಿನವರಿಗೂ ಲಕ್ಷ್ಮೇಶ್ವರದವರಿಗೂ ಮರಳುವ ಬಸ್ಸಿನ ಚಿಂತೆಯಲ್ಲಿಯೇ ಸಭೆ ಮುಗಿಯುತ್ತದೆ. ವರ್ಷದ ಅರ್ಧದಷ್ಟು ಸಭೆಗಳಾದರೂ ತಾಲೂಕಿನ ಊರುಗಳಲ್ಲಿ, ಹಗಲಿನಲ್ಲಿ ನಡೆಯಲಿ. ಕೂಲಿ ಬಿಟ್ಟು ಬರುವ ಸದಸ್ಯರಿಗೆ ಆ ದಿನದ ಕೂಲಿಯನ್ನೂ ಬಸ್ ಚಾರ್ಜನ್ನೂ ಸಂಘ ಕೊಡಬೇಕು. ಇದು ಸೇವಾಭಾವಕ್ಕೆ ಧಕ್ಕೆ ಎಂದು ನಿವೃತ್ತಿ ವೇತನ ಬರುವ ಹಿರಿಯರು ಆಕ್ಷೇಪಿಸುವುದನ್ನು ನಾನು ಕೇಳಿದ್ದೇನೆ. ಅವರ ಸೇವಾಭಾವವನ್ನು ನಾನು ಗೌರವಿಸುತ್ತೇನೆ, ಆದರೆ ತಿಂಗಳ ಮೊದಲ ದಿನ ಖಾತೆಗೆ ಹಣ ಬರುವವರ ಉಚಿತ ಸೇವೆಗೂ ಆ ದಿನದ ಒಲೆ ಉರಿಯಬೇಕಾದವರ ಉಚಿತ ಸೇವೆಗೂ ತೂಕ ಒಂದೇ ಅಲ್ಲ.

ಪತ್ರಿಕೆ, ಬಾಗಿಲು, ಪಂಕ್ತಿ

ನಿಮ್ಮ ಸಂಘದ ಹಳೆಯ ಆಮಂತ್ರಣ ಪತ್ರಿಕೆಗಳನ್ನು ಮೇಜಿನ ಮೇಲೆ ಹರಡಿ, ‘ಮತ್ತು ತಂಡದವರು’ ಎಂಬ ಪದಗಳು ಯಾರ ಹೆಸರಿನ ಮುಂದೆ ಬಂದಿವೆ ಎಂದು ನೋಡಿ. ತಬಲಾ, ಹಾರ್ಮೋನಿಯಂ ಸಾಥಿಗೆ ಕುಳಿತವರ ಹೆಸರು ಇರುತ್ತದೆ, ಹನ್ನೆರಡು ಹಲಗಿಯವರ ಹೆಸರು ಇರುವುದಿಲ್ಲ. ಜಾಗ ಸಾಲದಿದ್ದರೆ ಅತಿಥಿಗಳ ಪದವಿಗಳ ಪಟ್ಟಿಯನ್ನು ಕಿರಿದು ಮಾಡಿ, ಕಲಾವಿದರೆಲ್ಲರ ಹೆಸರನ್ನು ಅಚ್ಚು ಹಾಕಿಸಿ. ಬಿರುದುಗಳಲ್ಲಿಯೂ ಎಚ್ಚರ ಬೇಕು. ಗಂಡು ಗಾಯಕ ಮುಸ್ಲಿಮನಾದರೆ ಉಸ್ತಾದ್, ಹಿಂದುವಾದರೆ ಪಂಡಿತ್ ಆಗುತ್ತಾನೆ, ಆದರೆ ಕೇಸರಬಾಯಿ, ಮೋಗುಬಾಯಿಯರಂಥವರು ಬಾಯಿಯರಾಗಿಯೇ ಉಳಿಯುತ್ತಾರೆ ಎಂದು ಗಂಗೂಬಾಯಿ ಹಾನಗಲ್ ಅವರು ಹೇಳಿದ್ದರು. 1913ರಲ್ಲಿ ಧಾರವಾಡದಲ್ಲಿ ಹುಟ್ಟಿ, ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತು, 2002ರಲ್ಲಿ ಪದ್ಮವಿಭೂಷಣ ಪಡೆದವರ ಮಾತು ಅದು. ನಮ್ಮ ಪತ್ರಿಕೆಗಳಲ್ಲಿ ಗಾಯಕರಿಗೆ ಪಂಡಿತ್, ಸಣ್ಣಾಟ ಎಂಬ ಜನಪದ ನಾಟಕದ ಹಿರಿಯರಿಗೆ ಬರಿಯ ಹೆಸರು, ಚೌಡಿಕೆ ಎಂಬ ತಂತಿವಾದ್ಯ ಹಿಡಿದು ಹಾಡುವ ಮಹಿಳೆಗೆ ಹೆಸರಿನ ಬದಲು ಊರು ಎಂಬ ಶ್ರೇಣಿ ಇಂದಿಗೂ ಉಳಿದಿದೆ. ಎಲ್ಲರಿಗೂ ಒಂದೇ ಬಗೆಯ ಗೌರವಸೂಚಕ ಬಳಸುವುದು ಸುಲಭದ ಪರಿಹಾರ.

ಮೆರವಣಿಗೆ ಸಭಾಂಗಣದ ಬಾಗಿಲಿಗೆ ಬಂದಾಗ ಏನಾಗುತ್ತದೆ ಎಂಬುದನ್ನು ಮುಂದಿನ ಸಲ ನಿಂತು ಗಮನಿಸಿ. ಅತಿಥಿಗಳು ಒಳಗೆ ಹೋಗುತ್ತಾರೆ, ಹಲಗಿ ಬಾರಿಸಿದವರು ಹೊರಗಿನ ಮರದ ನೆರಳಿನಲ್ಲಿ ಕುಳಿತುಕೊಳ್ಳುತ್ತಾರೆ. ಒಳಗೆ ಬರಬೇಡಿ ಎಂದು ಯಾರೂ ಹೇಳಬೇಕಾಗಿಲ್ಲ, ಅವರು ಒಳಗೆ ಬರುವುದಿಲ್ಲ ಎಂಬ ರೂಢಿಯೇ ಬಾಗಿಲಾಗಿ ನಿಂತಿರುತ್ತದೆ. ಮುಂದಿನ ಸಾಲುಗಳಲ್ಲಿ ಅವರ ಹೆಸರಿನ ಕುರ್ಚಿಗಳನ್ನು ಇಡಿ, ವಾದ್ಯಗಳನ್ನು ಒಳಗೆ ಇಡಲು ಜಾಗ ಮಾಡಿ, ಒಳಗೆ ಕರೆದೊಯ್ಯುವ ಹೊಣೆಯನ್ನು ಅಧ್ಯಕ್ಷರಿಗೇ ವಹಿಸಿ. ನಾನು ಬಲವಾಗಿ ಶಿಫಾರಸು ಮಾಡುವ ಇನ್ನೊಂದು ಬದಲಾವಣೆ ಎಂದರೆ, ಹಲಗಿಯನ್ನು ಮೆರವಣಿಗೆಯಿಂದ ತೆಗೆದು ಸಂಜೆಯ ಮುಖ್ಯ ಕಛೇರಿಯ ಅವಧಿಯಲ್ಲಿ, ಮುಕ್ಕಾಲು ಗಂಟೆ, ಶ್ರೋತೃಗಳು ಕುಳಿತು ಕೇಳುವಂತೆ ಇಡುವುದು. ಹಾಗೆ ಮಾಡಿದ ವರ್ಷ ತಬಲಾ ಕಲಿಯುವ ಹುಡುಗರು ಹಲಗಿಯ ಬಡಿತದ ಲೆಕ್ಕವನ್ನು ಬೆರಳಿನಲ್ಲಿ ಹಾಕುತ್ತ ಕುಳಿತದ್ದನ್ನು ನಾನು ನೋಡಿದೆ.

ಊಟವನ್ನು ಒಂದೇ ಹೊತ್ತಿಗೆ, ಒಂದೇ ಪಂಕ್ತಿಯಲ್ಲಿ ಬಡಿಸಬೇಕು. ಗಣ್ಯರಿಗೆ ಒಳಗೆ ಬಾಳೆ ಎಲೆ, ಮೇಳದವರಿಗೆ ಹೊರಗೆ ಪೊಟ್ಟಣ ಎಂಬ ವ್ಯವಸ್ಥೆಗೆ ಯಾವ ಸಮರ್ಥನೆಯೂ ಇಲ್ಲ. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯ ಆಚರಣೆಯನ್ನು ಯಾವ ರೂಪದಲ್ಲಿಯೂ ನಿಷೇಧಿಸಿದೆ.

ನಿರೂಪಕರಿಗೆ ಒಂದು ಮಾತು ಮುಂಚೆಯೇ ತಿಳಿಸಬೇಕು. ದೇವದಾಸಿಯಾಗಿ ಬಿಡುವ ಪದ್ಧತಿಯನ್ನು ರಾಜ್ಯದ 1982ರ ಕಾಯ್ದೆಯೇ ನಿಷೇಧಿಸಿತು, ಆದರೆ ಆ ಹಿನ್ನೆಲೆಯ ಕುಟುಂಬಗಳಿಂದ ಬಂದ ಕಲಾವಿದೆಯರು ಇಂದಿಗೂ ನಮ್ಮ ವೇದಿಕೆಗಳಲ್ಲಿ ಚೌಡಿಕೆ ಹಿಡಿದು ಹಾಡುತ್ತಿದ್ದಾರೆ. ಅವರ ಬದುಕಿನ ನೋವನ್ನು ಪರಿಚಯದ ಮಾತಾಗಿ ಬಳಸುವ ಹಕ್ಕು ಯಾರಿಗೂ ಇಲ್ಲ. ಅವರು ಏನು ಹಾಡುತ್ತಾರೆ, ಯಾರಿಂದ ಕಲಿತರು, ಎಷ್ಟು ವರ್ಷಗಳಿಂದ ಹಾಡುತ್ತಿದ್ದಾರೆ ಎಂಬುದಷ್ಟೇ ಪರಿಚಯವಾಗಲಿ, ಅದನ್ನೂ ಅವರಿಗೆ ಮೊದಲೇ ಓದಿ ಹೇಳಿ ಒಪ್ಪಿಗೆ ಪಡೆಯಿರಿ.

ಸಿದ್ದಿ ಕಲಾವಿದರೊಂದಿಗೆ

ಪೋರ್ಚುಗೀಸರ ಕಾಲದಲ್ಲಿ ಪೂರ್ವ ಆಫ್ರಿಕಾದಿಂದ ಗುಲಾಮರಾಗಿ ಗೋವೆಗೆ ತರಲ್ಪಟ್ಟು, ಅಲ್ಲಿಂದ ತಪ್ಪಿಸಿಕೊಂಡು ಪಶ್ಚಿಮಘಟ್ಟದ ಕಾಡು ಸೇರಿದವರ ಸಂತತಿಯೂ ಇಂದಿನ ಸಿದ್ದಿ ಸಮುದಾಯದಲ್ಲಿದೆ. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರು ಧರ್ಮಗಳವರೂ ಇದ್ದಾರೆ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು, ಧಾರವಾಡ ಮತ್ತು ಬೆಳಗಾವಿ ಜಿಲ್ಲೆಯವರಿಗೆ ಆ ಮಾನ್ಯತೆ ದೊರೆಯಲು 2020ರ ತಿದ್ದುಪಡಿ ಕಾಯ್ದೆಯವರೆಗೆ ಕಾಯಬೇಕಾಯಿತು. ಅಂದರೆ ನಮ್ಮ ಜಿಲ್ಲೆಯ ಒಂದು ತಲೆಮಾರಿನ ಸಿದ್ದಿ ಮಕ್ಕಳು, ಗಡಿಯ ಆಚೆಗಿನ ತಮ್ಮ ನೆಂಟರಿಗೆ ಸಿಕ್ಕ ವಿದ್ಯಾರ್ಥಿವೇತನವೂ ಇಲ್ಲದೆ ಬೆಳೆದರು. ಕಲಾಸಂಘದವರು ಈ ಸಂಗತಿಯನ್ನು ತಿಳಿದಿರಬೇಕು, ಏಕೆಂದರೆ ಅವರ ಡಮಾಮಿ ಕುಣಿತವನ್ನು ಉತ್ಸವಕ್ಕೆ ಕರೆಯುವಾಗ ನಾವು ಕರೆಯುತ್ತಿರುವುದು ಈ ಇತಿಹಾಸದ ಜನರನ್ನು.

ಸೊಪ್ಪು, ಗರಿ ಕಟ್ಟಿಕೊಂಡು ಬರಬೇಕೆಂದು ಸಂಘಟಕರೇ ಒತ್ತಾಯಿಸುವುದನ್ನು ನಾನು ಕಂಡಿದ್ದೇನೆ. ಯಾವ ವೇಷ, ಯಾವ ಹಾಡು, ಎಷ್ಟು ಹೊತ್ತು ಎಂಬುದನ್ನು ತಂಡವೇ ನಿರ್ಧರಿಸಲಿ. ಸಿದ್ದಿ ಹುಡುಗಿಯೊಬ್ಬಳು ಹಿಂದೂಸ್ತಾನಿ ಗಾಯನ ಕಲಿಯಲು ಬಂದರೆ, ನಿಮ್ಮದೇ ಕುಣಿತವಿದೆಯಲ್ಲ ಎಂದು ಹೇಳಿ ಕಳುಹಿಸಬಾರದು. ನಾಟಕಗಳಲ್ಲಿ ರಾಕ್ಷಸ, ಕಳ್ಳ, ಆಳು ಎಂದರೆ ಕಪ್ಪು ಮೈಯವರು, ರಾಜಕುಮಾರಿ ಎಂದರೆ ಬಿಳಿಯ ಪೌಡರು ಎಂಬ ರೂಢಿ ಬಣ್ಣದ ಮನೆಯಲ್ಲಿ ಇನ್ನೂ ಗಟ್ಟಿಯಾಗಿದೆ. ಮೈಬಣ್ಣವನ್ನು ಪಾತ್ರದ ಗುಣಕ್ಕೆ ಗುರುತಾಗಿ ಬಳಸುವಂತಿಲ್ಲ, ತಾಲೀಮಿನಲ್ಲಿ ಬಣ್ಣ, ಕೂದಲು, ಉಚ್ಚಾರಣೆಯ ಬಗ್ಗೆ ನಗೆಚಾಟಿಕೆ ಸಲ್ಲದು ಎಂಬುದನ್ನು ನಿರ್ದೇಶಕರು ಮೊದಲ ದಿನವೇ ಹೇಳಬೇಕು. ಲಂಬಾಣಿ ತಾಂಡಾದಿಂದ ಬರುವ ಮಕ್ಕಳ ಕನ್ನಡಕ್ಕೂ ಇದೇ ನಿಯಮ.

ಪರಂಪರೆಯ ಹೆಸರು ಹೇಳುವಾಗ

ನಮ್ಮ ನೆಲಕ್ಕೆ ಈ ವಿಷಯದಲ್ಲಿ ದೊಡ್ಡ ಆಸ್ತಿಯಿದೆ. ಕಳಸದ ಗೋವಿಂದಭಟ್ಟರು ಶಿಶುನಾಳದ ಶರೀಫರನ್ನು ಶಿಷ್ಯರನ್ನಾಗಿ ಸ್ವೀಕರಿಸಿದರು. ಸವಾಯಿ ಗಂಧರ್ವರು ಅಬ್ದುಲ್ ಕರೀಂ ಖಾನರಿಂದಲೂ, ಮಲ್ಲಿಕಾರ್ಜುನ ಮನಸೂರರು ಮಂಜಿ ಖಾನ್, ಬುರ್ಜಿ ಖಾನರಿಂದಲೂ ಕಲಿತರು. ಗದಗಿನ ವೀರೇಶ್ವರ ಪುಣ್ಯಾಶ್ರಮವು ಪಂಚಾಕ್ಷರ ಗವಾಯಿಗಳ ಮತ್ತು ಪುಟ್ಟರಾಜ ಗವಾಯಿಗಳ ಆಶ್ರಯದಲ್ಲಿ ಅಂಧ ಮಕ್ಕಳಿಗೂ ಬಡ ಮಕ್ಕಳಿಗೂ ಊಟ, ವಸತಿ ಕೊಟ್ಟು ಸಂಗೀತ ಕಲಿಸಿತು. ಈ ಹೆಸರುಗಳನ್ನು ಪ್ರತಿಯೊಂದು ಸ್ವಾಗತ ಭಾಷಣದಲ್ಲಿ ಹೇಳುತ್ತೇವೆ. ಆದರೆ ಅವರ ಹೆಸರನ್ನು ಇಂದಿನ ಪ್ರಶ್ನೆಗೆ ಉತ್ತರವಾಗಿ ಬಳಸಬಾರದು. ನಮ್ಮ ಸಂಘದಲ್ಲಿ ಭೇದವಿದೆಯೇ ಎಂದು ಯುವಕನೊಬ್ಬ ಕೇಳಿದರೆ, ಶರೀಫರ ನಾಡಿನಲ್ಲಿ ಭೇದವೇ ಎಂದು ಅವನ ಬಾಯಿ ಮುಚ್ಚಿಸುವುದು ಶರೀಫರಿಗೂ ಅನ್ಯಾಯ. ಪುಣ್ಯಾಶ್ರಮದಿಂದ ಕಲಿಯಬೇಕಾದುದು ಅದರ ಕ್ರಮವನ್ನು: ಮಗುವಿಗೆ ಮೊದಲು ಊಟ ಮತ್ತು ಇರಲು ಜಾಗ, ಆಮೇಲೆ ಸ್ವರ. ನಿಮ್ಮ ಸಂಗೀತ ಶಾಲೆಯಲ್ಲಿ ಶುಲ್ಕ ಮನ್ನಾ ಮಾಡಿದರೆ ಮಾತ್ರ ಸಾಲದು, ಮನೆಯಲ್ಲಿ ಅಭ್ಯಾಸ ಮಾಡಲು ಹಾರ್ಮೋನಿಯಂ ಎರವಲು, ಬಸ್ ಪಾಸು, ಸಂಜೆಯ ಉಪಾಹಾರ ಇವೂ ಇರಬೇಕು.

ದೂರು ಬಂದಾಗ

ದೂರು ಬಂದಾಗ ಹಿರಿಯರು ಕುಳಿತು ರಾಜಿ ಮಾಡಿಸುವುದು ನಮ್ಮ ಕಡೆಯ ರೂಢಿ. ಸಂಭಾವನೆಯ ತಕರಾರಿಗೆ ಅದು ಸರಿ, ಜಾತಿ ನಿಂದನೆಗೆ ಮತ್ತು ಲೈಂಗಿಕ ಕಿರುಕುಳಕ್ಕೆ ಸರಿಯಲ್ಲ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆ 1989ರಿಂದ ಇದೆ, 14566 ಎಂಬ ರಾಷ್ಟ್ರೀಯ ಸಹಾಯವಾಣಿಯೂ ಇದೆ. ದೂರು ಕೊಟ್ಟವರಿಗೆ ಈ ಮಾಹಿತಿಯನ್ನು ಕೊಡುವುದು ಕಾರ್ಯದರ್ಶಿಯ ಕರ್ತವ್ಯ, ಸಂಘದ ಮರ್ಯಾದೆಯ ಹೆಸರಿನಲ್ಲಿ ತಡೆಯುವುದು ತಪ್ಪು. ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆಯ ಪ್ರಕಾರ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿ ಇರಬೇಕು, ಸ್ವಯಂಸೇವಕರೂ ತರಬೇತಿಗೆ ಬಂದವರೂ ಈ ಲೆಕ್ಕಕ್ಕೆ ಸೇರುತ್ತಾರೆ. ಅದಕ್ಕಿಂತ ಚಿಕ್ಕ ಸಂಘವಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ದೂರಿತ್ತ ಕಲಾವಿದರನ್ನು ಮುಂದಿನ ಕಾರ್ಯಕ್ರಮದ ಪಟ್ಟಿಯಿಂದ ಸದ್ದಿಲ್ಲದೆ ಬಿಡುವುದೇ ಅತಿ ಸಾಮಾನ್ಯ ಶಿಕ್ಷೆಯಾದುದರಿಂದ, ದೂರಿನ ನಂತರದ ಎರಡು ವರ್ಷಗಳ ಆಹ್ವಾನಗಳನ್ನು ಸಮಿತಿ ವಿಶೇಷವಾಗಿ ಪರಿಶೀಲಿಸಬೇಕು.

ಊರಿನಲ್ಲಿ ಗಲಭೆಯಾಗಿ ನಿಷೇಧಾಜ್ಞೆ ಬಂದರೆ ಮೊದಲ ಕೆಲಸ ಪತ್ರಿಕಾ ಹೇಳಿಕೆಯಲ್ಲ, ಫೋನು. ಸಂಘಕ್ಕೆ ಸಂಬಂಧಿಸಿದ ಅಲ್ಪಸಂಖ್ಯಾತ ಮತ್ತು ದಲಿತ ಕಲಾವಿದರಿಗೆ ಪದಾಧಿಕಾರಿಗಳು ಅದೇ ದಿನ ಕರೆ ಮಾಡಿ, ಮನೆಗೆ ಏನು ಬೇಕು, ತಾಲೀಮಿಗೆ ಬರುವ ದಾರಿ ಸುರಕ್ಷಿತವೇ ಎಂದು ಕೇಳಬೇಕು. ವಾಟ್ಸ್ಯಾಪ್ ಗುಂಪನ್ನು ಕೆಲವು ದಿನ ಅಡ್ಮಿನ್ ಮಾತ್ರ ಬರೆಯುವಂತೆ ಇಡಿ. ಕಾರ್ಯಕ್ರಮ ಮುಂದೂಡಬೇಕಾದರೆ ಇಡೀ ಕಾರ್ಯಕ್ರಮವನ್ನು ಮುಂದೂಡಿ, ಒಂದು ಧರ್ಮದ ಕಲಾವಿದರನ್ನು ಮಾತ್ರ ಪಟ್ಟಿಯಿಂದ ಕೈಬಿಟ್ಟು ನಡೆಸಬೇಡಿ.

ಅನುದಾನದ ಬಗ್ಗೆ

ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯವೇ ಹೆಚ್ಚಿನ ಸಂಘಗಳ ಆಧಾರ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಕಲಾವಿದರಿಗಾಗಿ ಮೀಸಲಾದ ಹಣದಿಂದ ಕಾರ್ಯಕ್ರಮ ಮಾಡುವಾಗ ಆ ಹಣ ಅವರ ಕೈಗೇ ಹೋಗಬೇಕು, ಪೆಂಡಾಲು ಮತ್ತು ಧ್ವನಿವರ್ಧಕದ ಬಾಡಿಗೆಯಲ್ಲಿ ಕರಗಬಾರದು. ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣವನ್ನು ಖರ್ಚು ಮಾಡಬಹುದಾದ ಕೆಲಸಗಳ ಪಟ್ಟಿಯಾದ 2013ರ ಕಂಪನಿ ಕಾಯ್ದೆಯ ಏಳನೆಯ ಅನುಸೂಚಿಯಲ್ಲಿ ಕಲೆ, ಸಂಸ್ಕೃತಿಯ ರಕ್ಷಣೆಯೂ ಸೇರಿರುವುದರಿಂದ ಕೈಗಾರಿಕೆಗಳನ್ನೂ ಕೇಳಬಹುದು. ಹಳ್ಳಿಯ ಹಿರಿಯ ಕಲಾವಿದರಿಗೆ ಮಾಸಾಶನದ ಅರ್ಜಿ ತುಂಬಲು, ದಾಖಲೆ ಜೋಡಿಸಲು ಸಂಘದಿಂದ ಒಬ್ಬರನ್ನು ನಿಯಮಿಸುವುದು ಖರ್ಚಿಲ್ಲದ, ಆದರೆ ಬಹಳ ಬೆಲೆಯುಳ್ಳ ಕೆಲಸ.

ಚೆಕ್ಕಿನ ಸಹಿ

ಅಧಿಕಾರ ಹಸ್ತಾಂತರವನ್ನು ಸಮಾರಂಭದಿಂದ ಅಳೆಯಬೇಡಿ. ಬೈಲಾದಲ್ಲಿ ಪದಾಧಿಕಾರಿಗಳಿಗೆ ಮೂರು ವರ್ಷಗಳ ಎರಡು ಅವಧಿಗಳ ಮಿತಿ ಹಾಕಿ, ಇಳಿದ ಹಿರಿಯರಿಗೆ ಸಲಹಾ ಮಂಡಳಿಯಲ್ಲಿ ಗೌರವದ ಸ್ಥಾನ ಕೊಡಿ, ಆದರೆ ಆ ಮಂಡಳಿಗೆ ಮತದ ಅಧಿಕಾರ ಬೇಡ. ಹೊಸ ಖಜಾಂಚಿ ಆಯ್ಕೆಯಾದ ವಾರದೊಳಗೆ ಠರಾವಿನ ದೃಢೀಕೃತ ಪ್ರತಿ, ಹೊಸಬರ ಗುರುತಿನ ದಾಖಲೆಗಳು ಮತ್ತು ಹಳಬರ ಸಹಿಯನ್ನು ಹಿಂಪಡೆಯುವ ಪತ್ರವನ್ನು ಬ್ಯಾಂಕಿಗೆ ಕೊಟ್ಟು ಸಹಿ ಬದಲಾಯಿಸಿ. ನಮ್ಮ ಸಂಘದಲ್ಲಿ ಹಲಗಿ ಮೇಳದ ಹಿರಿಯರೊಬ್ಬರು ಖಜಾಂಚಿಯಾಗಿ ಆಯ್ಕೆಯಾದ ಮೇಲೂ ನಾಲ್ಕು ತಿಂಗಳು ಚೆಕ್ಕುಗಳ ಮೇಲೆ ಹಳೆಯ ಸಹಿಗಳೇ ನಡೆದಿದ್ದವು. ಬ್ಯಾಂಕಿನ ಕೆಲಸ ತಡವಾಯಿತು ಎಂದು ನಾವು ಹೇಳಿಕೊಂಡೆವು, ಅರ್ಜಿಯನ್ನೇ ಕೊಟ್ಟಿರಲಿಲ್ಲ. ಕೊನೆಗೆ ನಾನೇ ಅವರೊಂದಿಗೆ ಬ್ಯಾಂಕಿಗೆ ಹೋಗಿ ಪತ್ರ ಕೊಟ್ಟು ಬಂದೆ. ಮರುದಿನ ಅವರು ಸಹಿ ಹಾಕಿದ ಮೊದಲ ಚೆಕ್ಕು, 2020ರ ಯುಗಾದಿಯಂದು ನಾವು ತಡೆಹಿಡಿದಿದ್ದ ಮುಂಗಡದ ಬಾಕಿಯದು.